ಪೇಟಿಗೆ ಸ್ವರ ಗೊತ್ತು, ನಿಮಗೆ?

ಏನಾದರೂ ಒಂದು ವಾದ್ಯ ಕಲಿಯಬೇಕು ಅಂತ ಕಲಬುರಗಿಯಲ್ಲಿ ಯಾರ ಮುಂದಾದರೂ ಅನ್ನಿ. ಹತ್ತರಲ್ಲಿ ಎಂಟು ಮಂದಿ ಒಂದೇ ಸಲಹೆ ಕೊಡ್ತಾರೆ: ‘ಪೇಟಿ ತಗೊಳ್ರಿ, ಸರಳ ಅದ.’ ಗಿಟಾರಿನ ಹಾಗೆ ಬೆರಳ ತುದಿ ನೋಯಲ್ಲ, ಸಿತಾರಿನ ಹಾಗೆ ಕೂತಾಗೊಮ್ಮೆ ತಂತಿ ಬಿಗಿಯುವ ಕೆಲಸ ಇಲ್ಲ, ಕೊಳಲಿನ ಹಾಗೆ ಮೊದಲ ವಾರವೆಲ್ಲ ಬರೀ ಗಾಳಿಯೇ ಬರಲ್ಲ. ಒಂದು ಕೈಲಿ ತಿದಿ ಒತ್ತು, ಇನ್ನೊಂದು ಕೈಲಿ ಮನೆ ಒತ್ತು, ಸ್ವರ ಹಾಜರ್.

ಸಲಹೆ ಸುಳ್ಳಲ್ಲ. ಆದರೆ ಹಾರ್ಮೋನಿಯಂನ ಈ ಸರಳತನವೇ ಹೊಸದಾಗಿ ಕಲಿಯುವವರಿಗೆ ದೊಡ್ಡ ಮೋಸ ಅನ್ನೋದು ನನ್ನ ತಕರಾರು. ಪೇಟಿಯ ಮೇಲೆ ಇರುವ ಹಳೇ ತಕರಾರಿಗೂ ಇದಕ್ಕೂ ವ್ಯತ್ಯಾಸ ಇದೆ, ಹಾಗಾಗಿ ಮೊದಲು ಆ ಹಳೇದನ್ನು ನೋಡೋಣ.

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ದಶಕದ ಹೊತ್ತಿಗೆ. ಕಾಲಿಂದ ತಿದಿ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದ ಹೆಸರು ಕಲ್ಕತ್ತಾದ ದ್ವಾರಕಾನಾಥ ಘೋಷ್ ಅವರದ್ದು, 1875ರಲ್ಲಿ. ಆಮೇಲೆ ಅದು ನಾಟಕ ಕಂಪನಿಗೂ ಬಂತು, ಗುಡಿಗೂ ಬಂತು, ಮನೆಗೂ ಬಂತು. ಆದರೆ 1940ರಲ್ಲಿ ಆಕಾಶವಾಣಿ ಅದನ್ನು ಬಾಗಿಲ ಹೊರಗೆ ನಿಲ್ಲಿಸಿತು. ರವೀಂದ್ರನಾಥ ಟ್ಯಾಗೋರರಿಗೂ ಈ ವಾದ್ಯ ಕಂಡರೆ ಆಗುತ್ತಿರಲಿಲ್ಲ. ನಿಷೇಧ ಸಡಿಲಾಗಿದ್ದು 1971ರಲ್ಲಿ. ಅಂದರೆ 1966ರಲ್ಲಿ ನಮ್ಮ ಗುಲ್ಬರ್ಗಾದಲ್ಲೇ ಆಕಾಶವಾಣಿ ಕೇಂದ್ರ ಶುರುವಾದಾಗಲೂ, ಊರ ಭಜನೆಯಲ್ಲಿ ಕೇಳುತ್ತಿದ್ದ ಪೇಟಿಗೆ ರೇಡಿಯೋ ನಿಲಯದ ಬಾಗಿಲು ಪೂರ್ತಿ ತೆರೆದಿರಲಿಲ್ಲ.

ಅವರ ವಾದದಲ್ಲಿ ಹುರುಳಿತ್ತು. ಪೇಟಿಯಲ್ಲಿ ಮೀಂಡ್ ಬರೋದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದು, ಜಿಗಿಯಬೇಕು. ಮೇಲಾಗಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಅದನ್ನು ಶ್ರುತಿ ಮಾಡಿರುತ್ತಾರೆ. ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರವನ್ನು 100 ಭಾಗ ಮಾಡಿದರೆ, ಹಾಗೆ ಶ್ರುತಿಯಾದ ಪೇಟಿಯ ಶುದ್ಧ ಗಾಂಧಾರ ತಂಬೂರಿಯ ನಾದದೊಳಗೆ ತಾನಾಗಿ ಮೂಡುವ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲೆ ನಿಲ್ಲುತ್ತೆ. ಪಳಗಿದ ಕಿವಿಗೆ ಇದು ಅನ್ನದಲ್ಲಿ ಸಿಕ್ಕ ಹರಳು.

ಆದರೆ ನಿನ್ನೆ ತಾನೇ ಪೇಟಿ ಕೊಂಡವರಿಗೆ 14 ಭಾಗದ ಚಿಂತೆ ಯಾಕೆ? ಅವರಿಗೆ ಇನ್ನೂ ಇಡೀ ಒಂದು ಮನೆಯ ವ್ಯತ್ಯಾಸವೇ ಖಚಿತವಾಗಿ ಕೇಳಿಸಿರೋದಿಲ್ಲ. ತೊಂದರೆ ಬೇರೆ ಕಡೆ ಇದೆ. ಪಿಟೀಲಿನಲ್ಲಿ ಬೆರಳು ಚೂರು ಜರುಗಿದರೆ ಸ್ವರ ಕರ್ಕಶವಾಗುತ್ತೆ, ನೀವೇ ಮುಖ ಹಿಂಡಿ ತಿದ್ದಿಕೊಳ್ತೀರಿ. ವಾದ್ಯವೇ ನಿಮ್ಮ ಕಿವಿಗೆ ಕೆಲಸ ಹಚ್ಚುತ್ತೆ. ಪೇಟಿ ಎಂದೂ ಹಾಗೆ ಬೈಯೋದಿಲ್ಲ. ಮೂರು ಸಪ್ತಕದ ಪೇಟಿಯಲ್ಲಿ 37 ಮನೆ. ಯಾವುದನ್ನು ಒತ್ತಿದರೂ ಸ್ವರ ಮೊದಲೇ ತಯಾರಾಗಿ ಕೂತಿದೆ. ಹೀಗಾಗಿ ಕಲಿಯುವುದೆಲ್ಲ ಬೆರಳು, ಕಿವಿ ಅಲ್ಲ.

ಮೊಬೈಲ್ ಆ್ಯಪ್‌ಗಳು, ‘ಮೂರು ದಿನದಲ್ಲಿ ಹಾಡು ನುಡಿಸಿ’ ವಿಡಿಯೋಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದಿವೆ. ಬಣ್ಣದ ಗುರುತು ಎಲ್ಲಿ ಬಿತ್ತೋ ಅಲ್ಲಿ ಒತ್ತು. ಮೂರು ದಿನಕ್ಕೆ ಹಾಡು ಬರುತ್ತೆ, ನಿಜ. ಒಂದು ಪರೀಕ್ಷೆ ಮಾಡಿ ನೋಡ್ರಿ: ಅದೇ ಹಾಡನ್ನು ಬಿಳಿ ಒಂದರ ಬದಲು ಕಪ್ಪು ಎರಡರಿಂದ ಶುರು ಮಾಡಿ. ಬೆರಳು ಕಂಗಾಲಾದರೆ ನೀವು ಕಲಿತದ್ದು ಹಾಡಲ್ಲ, ಹಲಗೆಯ ಮೇಲಿನ ಜಾಗ. ಸಾ ಎಲ್ಲೇ ಕೂತರೂ ಅದರಿಂದ ಗಾಂಧಾರ ಎಷ್ಟು ದೂರ ಅನ್ನೋದು ಕಿವಿಗೆ ಗೊತ್ತಿದ್ದರೆ ಮಾತ್ರ ಅದು ಸಂಗೀತ. ಇಡೀ ಹಲಗೆಯನ್ನೇ ಆಚೀಚೆ ಸರಿಸುವ ‘ಸ್ಕೇಲ್ ಚೇಂಜರ್’ ಪೇಟಿಯನ್ನು ಮೊದಲ ದಿನವೇ ಕೊಳ್ಳುವುದು ಇದೇ ಪಾಠದಿಂದ ದುಡ್ಡು ಕೊಟ್ಟು ತಪ್ಪಿಸಿಕೊಂಡ ಹಾಗೆ. ಕಛೇರಿಗೆ ಸಾಥ್ ಕೊಡುವವರಿಗೆ ಅದು ಬೇಕು. ನಿಮಗೆ ಈಗಲೇ ಬೇಡ.

ಹಾಗಾದರೆ ಪೇಟಿಯನ್ನೇ ಬಿಡಬೇಕಾ? ಬೇಡ. ಇದಕ್ಕೆ ಉತ್ತರ ಭಜನೆಯಲ್ಲಿ ಇದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಹೊರಗಿನವರಿಗೆ ಕೆಂಪು ಬಾಳೆಹಣ್ಣಿನ ಊರು. ಆದರೆ ಆ ಸೀಮೆಯೂ ಸೇರಿದಂತೆ ಈ ಇಡೀ ಭಾಗ ತತ್ವಪದದ ನಾಡು. ಕಡಕೋಳ ಮಡಿವಾಳಪ್ಪನವರು ಇದೇ ಜಿಲ್ಲೆಯವರು. ರಾತ್ರಿ ಭಜನೆಯಲ್ಲಿ ಏಕತಾರಿ ಸಾ ಹಿಡಿದಿರುತ್ತೆ, ದಮ್ಮಡಿ, ತಾಳ ಜೊತೆಗಿರುತ್ತವೆ. ಹಾಡುವವರು ತಮ್ಮ ಗಂಟಲಿಗೆ ಒಗ್ಗಿದ ಕಡೆ ಪದ ಎತ್ತುತ್ತಾರೆ, ‘ಕಪ್ಪು ಎರಡಕ್ಕೆ ಬರ್ತೀನಿ’ ಅಂತ ಹೇಳೋದಿಲ್ಲ. ಪೇಟಿಯವರು ತಿದಿ ಮೆಲ್ಲಗೆ ಒತ್ತಿ, ಒಂದೆರಡು ಮನೆ ತಡವಿ, ಆ ದನಿಯ ಸಾ ಹುಡುಕಿ ಕೂಡಿಕೊಳ್ಳುತ್ತಾರೆ. ಅಲ್ಲಿ ದನಿ ಮುಂದೆ, ಪೇಟಿ ಹಿಂದೆ. ಆ್ಯಪ್ ಕಲಿಸಲಾರದ ಪಾಠ ಇದೇ.

ಭಜನೆಯನ್ನು ಸುಮ್ಮನೆ ಹೊಗಳೋದೂ ಬೇಡ. ಅಲ್ಲಿ ಬೆರಳು ಇಡುವ ಕ್ರಮ ಯಾರೂ ತಿದ್ದೋದಿಲ್ಲ. ರಾಗದ ಹೆಸರು ಕೇಳಿದರೆ ಉತ್ತರ ಸಿಗದೇ ಇರಬಹುದು. ಪೇಟಿಯ ಮುಂದಿನ ಜಾಗ ಇವತ್ತಿಗೂ ಹೆಚ್ಚಾಗಿ ಗಂಡಸರದ್ದೇ. ಕ್ಲಾಸು ಗೆಲ್ಲೋದು ಇಲ್ಲಿ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಮೇಲೆ, ಸಂಗೀತಗಾರರ ಮನೆಯಲ್ಲಿ ಹುಟ್ಟದವರಿಗೂ ಕಲಿಯುವ ದಾರಿ ಅಗಲವಾಯಿತು. ಇವತ್ತು ಕಲಬುರಗಿಯಲ್ಲಿ ಒಬ್ಬ ಹುಡುಗಿ ಫೀ ಕಟ್ಟಿ, ಯಾರ ಅಪ್ಪಣೆಯೂ ಇಲ್ಲದೆ ಪೇಟಿ ಮುಂದೆ ಕೂರಬಹುದಾದರೆ ಅದು ಆ ದಾರಿಯ ಪುಣ್ಯ. ಅದೇ ಕ್ಲಾಸು ಬರೀ ಪರೀಕ್ಷೆಯ ತಯಾರಿಯಾದಾಗ ಮಾತ್ರ ರಾಗ ಅನ್ನೋದು ಆರೋಹ, ಅವರೋಹ, ಪಕಡ್ ಅಂತ ಬಾಯಿಪಾಠದ ಉತ್ತರ ಆಗಿಬಿಡುತ್ತೆ.

ಪೇಟಿಯಿಂದ ಏನೆಲ್ಲ ಸಾಧ್ಯ ಅಂತ ಅನುಮಾನ ಇದ್ದವರು ಬೆಳಗಾವಿಯ ರಾಮಭಾವು ಬಿಜಾಪುರೆ ಅವರನ್ನು, ಗದಗಿನ ಪುಟ್ಟರಾಜ ಗವಾಯಿಗಳನ್ನು ಕೇಳಬೇಕು. ಇಬ್ಬರೂ 2010ರಲ್ಲಿ ತೀರಿಕೊಂಡರು. ಮೀಂಡ್ ಇಲ್ಲದ ವಾದ್ಯ ಹಾಡಿದ ಹಾಗೆ ಕೇಳಿಸಬೇಕಾದರೆ ನುಡಿಸುವವರ ಕಿವಿಯೊಳಗೆ ಹಾಡು ಮೊದಲೇ ಇರಬೇಕು. ಇವರಲ್ಲಿ ಅದು ಇತ್ತು.

ಹಾಗಾಗಿ ಆಫೀಸು ಮುಗಿಸಿ ದಿನಕ್ಕೆ ಅರ್ಧ ತಾಸು ಸಿಗುವವರಿಗೆ ನಾನು ಹೇಳೋದು ಇಷ್ಟು. ಮೊದಲ ತಿಂಗಳು ಹಾಡು ಬೇಡ. ಫೋನಿನಲ್ಲಿ ತಂಬೂರಿ ಹಚ್ಚಿ (ಆ್ಯಪ್ ಉಪಯೋಗಕ್ಕೆ ಬರೋದು ಇಲ್ಲೇ), ಅದಕ್ಕೆ ಕೂಡುವ ಹಾಗೆ ಸಾ ಎಳೆಯಿರಿ, ಆಮೇಲೆ ಪ. ದನಿ ಚೆನ್ನಾಗಿಲ್ಲ ಅನ್ನೋ ನೆಪ ನಡೆಯೋದಿಲ್ಲ. ಇದು ಹಾಡುಗಾರರಾಗಲು ಅಲ್ಲ, ಕಿವಿಗೆ. ಗಾಂಧಾರವನ್ನು ಮೊದಲು ಬಾಯಲ್ಲಿ ಅನ್ನಿ, ನಂತರ ಮನೆ ಒತ್ತಿ ಸರಿಯಿದೆಯಾ ಅಂತ ನೋಡಿ. ಪೇಟಿ ಉತ್ತರಪತ್ರಿಕೆ ಇದ್ದ ಹಾಗೆ, ಅದನ್ನು ನೋಡಿ ಬರೆಯಬಾರದು. ಎರಡನೇ ತಿಂಗಳಿಂದ ಅಲಂಕಾರ, ವಾರಕ್ಕೊಮ್ಮೆ ಸಾ ಬದಲಿಸಿ. ಸೆಕೆಂಡ್ ಹ್ಯಾಂಡ್ ಸಾದಾ ಪೇಟಿ ಸಾಕು, ತಿದಿಯಲ್ಲಿ ಗಾಳಿ ಸೋರದಿದ್ದರಾಯಿತು.

ಯಾಕಿಷ್ಟು ಹಟ ಅಂದರೆ, ಇದು ನಿಮ್ಮೊಬ್ಬರ ಹವ್ಯಾಸದ ಪ್ರಶ್ನೆ ಮಾತ್ರ ಅಲ್ಲ. ತತ್ವಪದದ ಧಾಟಿಗಳಲ್ಲಿ ಯಾವ ಮನೆಗೂ ಸಿಗದ ಎಳೆತ, ಜಾರು ಇವೆ. ಅವು ಉಳಿದಿರೋದು ಹಾಡುವವರ ಗಂಟಲಲ್ಲಿ, ಕೇಳುವವರ ಕಿವಿಯಲ್ಲಿ. ಕೀಬೋರ್ಡ್ ನೋಡಿ ಕಲಿತ ಕಿವಿ ಅವನ್ನು ತಪ್ಪು ಅಂದುಕೊಂಡು ನೆಟ್ಟಗೆ ಮಾಡಿಬಿಡುತ್ತೆ, ಕೆಟ್ಟ ಉದ್ದೇಶ ಯಾರಿಗೂ ಇಲ್ಲದೆ.

ಮುಂದಿನ ಅಮಾವಾಸ್ಯೆ ಹತ್ತಿರದ ಯಾವ ಗುಡಿಯಲ್ಲಿ ಭಜನೆ ಇದೆ, ವಿಚಾರಿಸಿ. ಪೇಟಿ ಕೇಳಬೇಡಿ, ಒಂದು ಜೋಡಿ ತಾಳ ಕೇಳಿ ಹಿಂದೆ ಕೂತುಕೊಳ್ಳಿ. ಕೊಟ್ಟೇ ಕೊಡ್ತಾರೆ.