ಲೆನ್ಸಿಗೆ ಕಣ್ಣು ನೆಟ್ಟ ವಕೀಲ

ಕೋವಿಡ್ ಕಾಲದಲ್ಲಿ ಅಮೆರಿಕದ ವಕೀಲರು ಜೂಮ್‌ನಲ್ಲಿ ಜೂರಿ ವಿಚಾರಣೆ ನಡೆಸಲು ಕಲಿತದ್ದನ್ನು ಅಲ್ಲಿನ ವೃತ್ತಿವಲಯದಲ್ಲಿ ಅನೇಕರು ಕೊಂಡಾಡಿದರು. ಆ ಹೊಗಳಿಕೆಯಲ್ಲಿ ಮತ್ತೆ ಮತ್ತೆ ಬರುವ ವಾದ ಒಂದೇ: ಕೋರ್ಟಿನಲ್ಲಿ ದೂರದ ಕಟಕಟೆಯಲ್ಲಿರುತ್ತಿದ್ದ ಸಾಕ್ಷಿಯ ಮುಖ ಈಗ ಜೂರಿಯ ಕಣ್ಣೆದುರಿಗೇ ಬಂದಿದೆ, ಹಾಗಾಗಿ ಹೊಸ ಪದ್ಧತಿ ಹಳೆಯದಕ್ಕಿಂತ ಮೇಲು. ಈ ಕೀರ್ತಿ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಇದಕ್ಕಿಂತ ವಿವೇಕದ ಪ್ರಯೋಗವೊಂದು ನಡೆಯಿತು. ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಕೋರ್ಟುಗಳು ಬಾಗಿಲು ಹಾಕಿದ ಕಥೆ ಎಲ್ಲರಿಗೂ ಗೊತ್ತು. 2020ರ ಮೇ ತಿಂಗಳಲ್ಲಿ ಟೆಕ್ಸಾಸಿನ ಕಾಲಿನ್ ಕೌಂಟಿಯ ಜೂರಿಯೊಂದು ವಿಮೆಯ ವ್ಯಾಜ್ಯವನ್ನು ಮನೆಯಿಂದಲೇ ಆಲಿಸಿತು. ಅದರ ತೀರ್ಮಾನ ಕಕ್ಷಿದಾರರಿಗೆ ಕಡ್ಡಾಯವಾಗಿರಲಿಲ್ಲ. ಆಗಸ್ಟ್‌ನಲ್ಲಿ ಅದೇ ರಾಜ್ಯದ ಟ್ರಾವಿಸ್ ಕೌಂಟಿಯಲ್ಲಿ ಅತಿವೇಗದ ಚಾಲನೆಯ ಪ್ರಕರಣಕ್ಕೆ ಜೂಮ್ ಜೂರಿಯ ತೀರ್ಪೇ ಬಂತು. ಆಮೇಲೆ ವಾಷಿಂಗ್ಟನ್ ರಾಜ್ಯದಲ್ಲಿ ಸಿವಿಲ್ ದಾವೆಗಳೂ ಈ ದಾರಿ ಹಿಡಿದವು.

ಜೂಮ್‌ನಲ್ಲಿ ವಾದಿಸುವವರಿಗೆ ತಪ್ಪದೆ ಸಿಗುತ್ತಿದ್ದ ಸೂಚನೆ: ತೆರೆಯ ಮೇಲಿನ ಮುಖಗಳನ್ನು ನೋಡಬೇಡಿ, ಕ್ಯಾಮೆರಾದ ಲೆನ್ಸ್ ನೋಡಿ. ಹಾಗೆ ಮಾಡಿದರೆ ಜೂರಿಯಲ್ಲಿ ಕೂತ ಪ್ರತಿಯೊಬ್ಬರಿಗೂ ವಕೀಲ ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸುತ್ತದೆ. ನಿಜ, ಅನ್ನಿಸುತ್ತದೆ. ನನ್ನ ತಕರಾರು ಶುರುವಾಗುವುದು ಅಲ್ಲೇ. ಲ್ಯಾಪ್‌ಟಾಪಿನ ಲೆನ್ಸ್ ಇರುವುದು ತೆರೆಯ ಮೇಲಂಚಿನಲ್ಲಿ. ಮುಖಗಳಿರುವುದು ಅದರ ಕೆಳಗೆ, ಅಂಚೆಚೀಟಿಯಂಥ ಚೌಕಗಳಲ್ಲಿ. ಲೆನ್ಸಿಗೆ ಕಣ್ಣು ನೆಟ್ಟ ವಕೀಲನಿಗೆ ಮೂರನೇ ಚೌಕದ ಹೆಂಗಸು ಹುಬ್ಬು ಗಂಟಿಕ್ಕಿದ್ದು ಕಾಣುವುದಿಲ್ಲ. ಅವಳನ್ನು ನೋಡಲೆಂದು ಕಣ್ಣು ಇಳಿಸಿದರೆ ಉಳಿದವರಿಗೆಲ್ಲ ಅವನು ತಲೆ ತಗ್ಗಿಸಿದಂತೆ ಕಾಣುತ್ತದೆ. ಪಾಟೀಸವಾಲಿನ ಜೀವ ಇರುವುದು ಆ ಹುಬ್ಬಿನಲ್ಲಿ. ಬೇಕಾದ ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಹಾಕಬೇಕೋ, ಸುಮ್ಮನೆ ಕೂತುಬಿಡಬೇಕೋ ಎಂಬುದನ್ನು ಪಳಗಿದ ವಕೀಲ ಜೂರಿಯತ್ತ ಒಮ್ಮೆ ಕಣ್ಣು ಹಾಯಿಸಿ ನಿರ್ಧರಿಸುತ್ತಾನೆ. ಲೆನ್ಸ್ ಅವನಿಗೆ ಏನನ್ನೂ ಹೇಳದು.

ಇನ್ನೂ ದೊಡ್ಡ ನಷ್ಟ ಜೂರಿಯದ್ದು. ಕೋರ್ಟಿನಲ್ಲಿ ವಕೀಲ ನಾಲ್ಕನೆಯವರ ಮುಖ ನೋಡಿ ಮಾತಾಡಿದರೆ ಅದು ಉಳಿದ ಹನ್ನೊಂದು ಜನಕ್ಕೂ ಗೊತ್ತಾಗುತ್ತದೆ. ಅವರು ತಲೆದೂಗಿದರೇ ಎಂದು ಪಕ್ಕದವರು ಓರೆಗಣ್ಣಲ್ಲಿ ನೋಡುತ್ತಾರೆ. ಹೀಗೆ ಪರಸ್ಪರರ ಮೇಲೆ ಒಂದು ಕಣ್ಣಿಟ್ಟು ಕೇಳುತ್ತಲೇ ಅಪರಿಚಿತರು ಜೂರಿಯಾಗುತ್ತಾರೆ. ಲೆನ್ಸಿನ ನೋಟ ಹನ್ನೆರಡು ಜನಕ್ಕೆ ಹನ್ನೆರಡು ಖಾಸಗಿ ನೋಟ. ಕಾಲಿನ್ ಕೌಂಟಿಯಲ್ಲಿ ಬಿಡುವಿನ ವೇಳೆ ಸದಸ್ಯರೊಬ್ಬರು ಫೋನಿನಲ್ಲಿ ಮಾತಾಡುತ್ತಾ ಎದ್ದುಹೋದರು; ನ್ಯಾಯಾಧೀಶರು ಕರೆದದ್ದು ಅವರಿಗೆ ಕೇಳಿಸಲಿಲ್ಲ. ಕೋರ್ಟಿನ ಬೆಂಚಿನ ಮೇಲಾಗಿದ್ದರೆ ಪಕ್ಕದವರ ಮೊಣಕೈ ಸಾಕಿತ್ತು. ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯ ಕಲ್ನಾರು ಮೊಕದ್ದಮೆಯಲ್ಲಿ ಜೂರಿಯವರು ವ್ಯಾಯಾಮ ಯಂತ್ರದ ಮೇಲಿದ್ದರು, ಹಾಸಿಗೆಯಲ್ಲಿ ಮಲಗಿದ್ದರು ಎಂದು ಪ್ರತಿವಾದಿಗಳು ದೂರಿದರು.

ಮನಶ್ಶಾಸ್ತ್ರವನ್ನು ನೆಚ್ಚಿದ ವಿಮರ್ಶಕರು ಇಲ್ಲಿ ಅಡ್ಡ ಬರುತ್ತಾರೆ. ಮುಖ ನೋಡಿ ಸುಳ್ಳು ಹಿಡಿಯುವುದು ಹೇಗೂ ಜನರ ಕೈಲಾಗದು. 2006ರಲ್ಲಿ ಬಾಂಡ್ ಮತ್ತು ಡಿಪೌಲೊ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ನಿಖರತೆ ಸರಾಸರಿ ಶೇ. 54 ಮಾತ್ರ, ಆದ್ದರಿಂದ ತೆರೆಯಿಂದ ಏನೂ ಕೆಡುವುದಿಲ್ಲ ಎನ್ನುತ್ತಾರೆ. ಅಂಕಿ ಸರಿ, ತೀರ್ಮಾನ ತಪ್ಪು. ಆ ಅಂಕಿ ಮೊದಲು ಕೆಡವುವುದು ಹತ್ತಿರದ ಮುಖದ ಹೆಗ್ಗಳಿಕೆಯನ್ನೇ. ಇನ್ನು ತೆರೆಯಿಂದ ಏನೂ ಕೆಡದು ಎನ್ನುವವರು ಷಿಕಾಗೋದ ಕುಕ್ ಕೌಂಟಿಯ ಲೆಕ್ಕ ನೋಡಬೇಕು: 1999ರಲ್ಲಿ ಅಲ್ಲಿ ಆರೋಪಿಗಳನ್ನು ಟಿವಿಯಲ್ಲಿ ತೋರಿಸಿ ಜಾಮೀನು ವಿಚಾರಣೆ ಶುರುಮಾಡಿದ ಮೇಲೆ, ಹಾಗೆ ನಡೆದ ಪ್ರಕರಣಗಳಲ್ಲಿ ಜಾಮೀನಿನ ಮೊತ್ತ ಸರಾಸರಿ ಶೇ. 51 ಏರಿತ್ತು.

ನಾನಾವತಿ ಕೊಲೆ ಮೊಕದ್ದಮೆಯನ್ನು ನೆನೆಯುವ ನಮ್ಮವರು ಇನ್ನೊಂದು ಪ್ರಶ್ನೆ ಎತ್ತಬಹುದು. 1959ರಲ್ಲಿ 8-1ರಿಂದ ಆರೋಪಿಯನ್ನು ಬಿಟ್ಟ ಆ ಜೂರಿಯನ್ನು ಕೆಡಿಸಿದ್ದು ಗುಂಪಿನ ಹುಮ್ಮಸ್ಸಲ್ಲವೇ, ಒಬ್ಬೊಬ್ಬರೇ ಮನೆಯಲ್ಲಿರುವುದು ಒಳ್ಳೆಯದಲ್ಲವೇ ಎಂದು. ಆದರೆ ಅಲ್ಲಿನ ದೂರು ಪತ್ರಿಕೆಗಳ ಅಬ್ಬರದ ಮೇಲಿತ್ತು. ಮನೆಯಲ್ಲಿ ಕೂತವನಿಗೆ ವಿಚಾರಣೆಯೂ ಹೊರಗಿನ ಅಬ್ಬರವೂ ಬರುವುದು ಒಂದೇ ಯಂತ್ರದಲ್ಲಿ.

ಇನ್ನು ಮೊದಲು ಹೇಳಿದ ಆ ವಿವೇಕದ ಪ್ರಯೋಗ. ಸ್ಕಾಟ್ಲೆಂಡಿನಲ್ಲಿ ನ್ಯಾಯಾಧೀಶೆ ಲೇಡಿ ಡೋರಿಯನ್ ನೇತೃತ್ವದ ಕಾರ್ಯತಂಡ ಜೂರಿ ವಿಚಾರಣೆಗಳಿಗೆ ಮತ್ತೆ ದಾರಿ ಹುಡುಕಿತು. 2020ರ ಸೆಪ್ಟೆಂಬರ್‌ನಿಂದ ಹೈಕೋರ್ಟಿನ ಜೂರಿಗಳು ಎಡಿನ್‌ಬರ್ಗ್ ಅಂಚಿನ ಒಡಿಯನ್ ಚಿತ್ರಮಂದಿರದಲ್ಲಿ ಕೂತವು. ಕೊಲೆ, ಅತ್ಯಾಚಾರದಂಥ ಪ್ರಕರಣಗಳನ್ನು ವಿಚಾರಿಸುವ ಕೋರ್ಟು ಅದು. ಹದಿನೈದು ಜನ ಅಂತರ ಬಿಟ್ಟು ಕುರ್ಚಿಗಳಲ್ಲಿ. ಎದುರಿನ ತೆರೆಯ ನಾಲ್ಕು ಭಾಗಗಳಲ್ಲಿ ನ್ಯಾಯಾಧೀಶರು, ವಕೀಲರು, ಆರೋಪಿ, ಸಾಕ್ಷಿ. ಅತ್ತ ಕೋರ್ಟಿನಲ್ಲಿ, ಜೂರಿಯ ಜಾಗದಲ್ಲಿ, ಆ ಹದಿನೈದು ಜನರ ಮುಖ ತೋರಿಸುವ ತೆರೆಗಳು. ಕುಕ್ ಕೌಂಟಿಯ ಅಳುಕು ಇಲ್ಲಿಗೂ ತಾಕುತ್ತದೆ, ಆರೋಪಿ ಇಲ್ಲೂ ತೆರೆಯ ಮೇಲಿನ ಚಿತ್ರವೇ. ಆದರೂ ಕಠಿಣ ಸಾಕ್ಷ್ಯ ಬಂದಾಗ ಹದಿನೈದು ಜನ ಒಂದೇ ಕೋಣೆಯಲ್ಲಿ ಉಸಿರು ಬಿಗಿಹಿಡಿಯುತ್ತಿದ್ದರು. ಅಮೆರಿಕದ ವಕೀಲ ಲೆನ್ಸಿನ ಅಭ್ಯಾಸಕ್ಕೆ ಮೊದಲು ಕೋರ್ಟಿಗೆ ಒಂದು ಅರ್ಜಿ ಹಾಕಬೇಕಿತ್ತು ಎಂದು ನನಗೆ ಅನ್ನಿಸುವುದು ಇದಕ್ಕೇ: ಸಾಕ್ಷಿಯನ್ನು ಬೇಕಾದರೆ ತೆರೆಯ ಮೇಲೆ ತನ್ನಿ, ಜೂರಿಯನ್ನು ಮಾತ್ರ ಒಂದು ಸೂರಿನಡಿ ಕೂರಿಸಿ.