ಕಾರಂತರ ಬ್ಯಾಲೆ, ಕೋರ್ಟಿನ ಅಳತೆ

ಯಕ್ಷಗಾನಕ್ಕೂ ಕೃತಿಸ್ವಾಮ್ಯ ಬಂತು ಎಂದು ಗೊಣಗುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಸುಪ್ರೀಂ ಕೋರ್ಟಿನ 2009ರ ತೀರ್ಪಿನತ್ತ. ಒಂದು ಕಡೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಇನ್ನೊಂದು ಕಡೆ ಶಿವರಾಮ ಕಾರಂತರ ಉಯಿಲಿನಿಂದ ಹಕ್ಕು ಪಡೆದವರು. ತೀರ್ಪನ್ನು ಓದಿದರೆ ಈ ಗೊಣಗಾಟಕ್ಕೆ ಆಧಾರ ಸಿಗುವುದಿಲ್ಲ. ನನ್ನ ತಕರಾರು ಬೇರೆಯದು.

ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆ 'ಅಭಿಮನ್ಯು ವಧೆ'ಯನ್ನು ಅಕಾಡೆಮಿ 2001ರಲ್ಲಿ ದೆಹಲಿಯಲ್ಲಿ ಆಡಿಸಿದ್ದರಿಂದ ಜಗಳ ಹುಟ್ಟಿತು, ಉಯಿಲಿನಿಂದ ಹಕ್ಕು ಪಡೆದವರು ಉಡುಪಿಯಲ್ಲಿ ದಾವೆ ಹೂಡಿದರು. 1994ರ ಉಯಿಲಿನಲ್ಲಿ ಕಾರಂತರು ಸಾಹಿತ್ಯ ಕೃತಿಗಳ ಹಕ್ಕನ್ನು ಹೆಸರಿಸಿ ಬರೆದಿದ್ದರು. ಆದರೆ ಬ್ಯಾಲೆ ಸಾಹಿತ್ಯ ಕೃತಿಯಲ್ಲ, ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ನಾಟಕ ಕೃತಿ ಎಂದಿತು ಕೋರ್ಟ್. ಹಾಗಿದ್ದೂ ವಾದಿಯನ್ನು ಉಳಿಸಿದ್ದು, ಮಿಕ್ಕ ಆಸ್ತಿಯೂ ಅವರಿಗೇ ಎಂಬ ಇನ್ನೊಂದು ಕಲಂ. ಬ್ಯಾಲೆಗಳ ಹೆಸರನ್ನೂ ಉಯಿಲಿನಲ್ಲಿ ಬರೆದಿದ್ದರೆ ವಾದದ ಒಂದು ದೊಡ್ಡ ಪಾಲು ಹುಟ್ಟುತ್ತಲೇ ಇರಲಿಲ್ಲ. ಜಗಳ ಹತ್ತಿದ ಮೇಲೆ ವಕೀಲರ ಮನೆಗೆ ಓಡುವ ನಮ್ಮ ಕಲಾವಿದರು ಉಯಿಲು ಬರೆಯುವಾಗ ಯಾರನ್ನು ಕೇಳುತ್ತಾರೋ!

ಅಕಾಡೆಮಿಯ ಮೇಲೆ ಬಂದ ತಡೆಯಾಜ್ಞೆಯ ಮಿತಿ ಮೆಚ್ಚತಕ್ಕದ್ದು. ಅದು ಕಟ್ಟಿಹಾಕುವುದು ಅಭಿಮನ್ಯುವಿನ ಕಥೆಯನ್ನಲ್ಲ, ಮೇಳಗಳ ಪ್ರಸಂಗವನ್ನೂ ಅಲ್ಲ. ಕಾರಂತರು ರೂಪಿಸಿದ ವೇಷ, ಕುಣಿತ, ನಿರ್ದೇಶನವನ್ನು ಮಾತ್ರ. ಅದಕ್ಕೂ ಕಾಯ್ದೆಯ 52ನೇ ಸೆಕ್ಷನ್ನಿನ ವಿನಾಯಿತಿಗಳು ಅನ್ವಯಿಸುತ್ತವೆ ಎಂದು ಸುಪ್ರೀಂ ಕೋರ್ಟ್ ಸೇರಿಸಿತು. ಶಾಲೆಯ ಮಕ್ಕಳು ತಂದೆತಾಯಿಯರ ಮುಂದೆ, ಹವ್ಯಾಸಿಗಳು ಟಿಕೆಟ್ಟಿಲ್ಲದೆ ಆಡಿದರೆ ಅಪರಾಧವಲ್ಲ.

ಆದರೆ ಆ ರೂಪದ ಗಡಿ ಎಲ್ಲಿದೆ? ಕಾರಂತರು ಮಾತನ್ನು ಕೈಬಿಟ್ಟರು, ಪಿಟೀಲು ಮತ್ತು ಸ್ಯಾಕ್ಸೋಫೋನ್ ತಂದರು. ಇವು ಎದ್ದು ಕಾಣುತ್ತವೆ. ಹೆಜ್ಜೆಗಳ ಮಾತೇ ಬೇರೆ: ಅವು ಯಕ್ಷಗಾನದ ಬಡಗುತಿಟ್ಟಿನಿಂದ ಎರವಲು ತಂದು ತಿದ್ದಿದವು, ತಲೆಮಾರುಗಳ ಕುಣಿತಗಾರರ ಕಾಲಿನಲ್ಲಿದ್ದವು. ನಾಟಕ ಕೃತಿಯ ರೂಪ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಎನ್ನುತ್ತದೆ ಕಾಯ್ದೆ. ಯಾವ ಹೆಜ್ಜೆ ಕಾರಂತರದು, ಯಾವುದು ಊರಿನದು ಎಂದು ಬಿಡಿಸಿ ನೋಡುವ ಕೆಲಸಕ್ಕೆ ಸುಪ್ರೀಂ ಕೋರ್ಟ್ ಕೈಹಾಕಲಿಲ್ಲ. ಉಯಿಲಿನ ಕಲಮುಗಳಿಗೆ ಕೊಟ್ಟ ತಾಳ್ಮೆಯನ್ನು ರಂಗಕ್ಕೆ ಕೊಡಲಿಲ್ಲ.

ಇದರ ಹೊರೆ ಬೀಳುವುದು ಆ ಬ್ಯಾಲೆಗಳಲ್ಲಿ ಕುಣಿದು ಕಲಿತ ಕಲಾವಿದರ ಮೇಲೆ. ನಾಳೆ ಬೇರೆ ತಂಡದಲ್ಲಿ ಚಕ್ರವ್ಯೂಹ ಕುಣಿಸುವವರು ಕಾಲನ್ನು ಎಲ್ಲಿ ತಡೆಯಬೇಕೆಂದು ತೀರ್ಪಿನಿಂದ ತಿಳಿಯದು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಹಕ್ಕಿನ ಅವಧಿ 2057ರ ಕೊನೆಯವರೆಗೂ ಇದೆ.