ಸೂಲಗಿತ್ತಿಗೆ ಹಾರ ಹಾಕಿ ಕೈತೊಳೆದುಕೊಂಡವರು

ನಮ್ಮ ಕಡೆ ಮಗು ಹುಟ್ಟಿದ ಸುದ್ದಿ ಬಂದರೆ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಅಂತ. ಎರಡನೆಯದು 'ನಾರ್ಮಲ್ಲೋ ಆಪ್ರೇಷನ್ನೋ?' ಇದರ ಬೆನ್ನಿಗೇ ಒಂದು ವಾದ ಹುಟ್ಟಿಕೊಂಡಿದೆ: ಸಹಜ ಹೆರಿಗೆ ಬೇಕಾದರೆ ಡಾಕ್ಟರನ್ನು ನಂಬಬೇಕೋ, ಸೂಲಗಿತ್ತಿಯನ್ನೋ? 'ಅಜ್ಜಿ ಹತ್ತು ಹಡೆದಳು, ಯಾರೂ ಹೊಟ್ಟೆ ಕೊಯ್ಯಲಿಲ್ಲ' ಅನ್ನೋ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಕೇಳಲು ಚೆಂದ. ಆದರೆ ಆ ಹತ್ತರಲ್ಲಿ ಎಷ್ಟು ಉಳಿದವು, ಆರನೆಯದಕ್ಕೇ ತೀರಿಕೊಂಡ ಪಕ್ಕದ ಮನೆಯವಳ ಕಥೆ ಹೇಳೋರು ಯಾರು?

ಈ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು. ಅಜ್ಜಿಯಿಂದ ಕಲಿತ ಕೈ. ಎಪ್ಪತ್ತು ವರ್ಷ, 15,000ಕ್ಕೂ ಹೆಚ್ಚು ಹೆರಿಗೆ, ಅದೂ ದುಡ್ಡಿಲ್ಲದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರ ದೊಡ್ಡತನದ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಹಾರ ಹಾಕಿದವರ ಬಗ್ಗೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಯಲ್ಲಿ ಹೆರುವ ಬಡವಳಿಗೆ ದುಡ್ಡು, ಕರೆತರುವ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ. ಸೂಲಗಿತ್ತಿ ಲೆಕ್ಕದಿಂದ ಹೊರಗೆ ಬಿದ್ದಳು. ಅವಳ ತಾಳ್ಮೆಯನ್ನಾದರೂ ಹೆರಿಗೆ ವಾರ್ಡಿಗೆ ತರಬಹುದಿತ್ತಲ್ಲ? ಅದನ್ನು ಬಿಟ್ಟು ಪ್ರಶಸ್ತಿ ತಂದೆವು.

ಆಸ್ಪತ್ರೆಗೆ ಕರೆದದ್ದು ತಪ್ಪಲ್ಲ. ಹೆರಿಗೆ ಸುಸೂತ್ರವಾಗಿ ಆದವಳಿಗೂ ಆಮೇಲೆ ರಕ್ತಸ್ರಾವ ಶುರುವಾಗಬಹುದು. ಯಾರಿಗೆ ಅಂತ ಮೊದಲೇ ಹೇಳಲಾಗದು. ಆಗ ಆಕ್ಸಿಟೋಸಿನ್ ಚುಚ್ಚುಮದ್ದು ಬೇಕು, ರಕ್ತ ಬೇಕು, ಅದೂ ಗಂಟೆಗಳಲ್ಲಿ ಅಲ್ಲ, ನಿಮಿಷಗಳಲ್ಲಿ. ಎಂಥ ಪುಣ್ಯದ ಕೈಯಾದರೂ ಬರಿಗೈ ಸಾಲದು.

ಆದರೆ ಇನ್ನೊಂದು ಕಡೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಸಿಜೇರಿಯನ್ ನೂರಕ್ಕೆ 31ರ ಮೇಲೆ, ಖಾಸಗಿಯಲ್ಲಿ ಅರ್ಧಕ್ಕೂ ಹೆಚ್ಚು. ಜನಸಂಖ್ಯೆಯ ಮಟ್ಟದಲ್ಲಿ ಈ ಪ್ರಮಾಣ ನೂರಕ್ಕೆ ಹತ್ತು ದಾಟಿದ ಮೇಲೆ ಉಳಿಯುವ ಜೀವಗಳೇನೂ ಹೆಚ್ಚಾಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆಪ್ರೇಷನ್ ಅಂದರೆ ಬರೀ ಹೊಲಿಗೆಯಲ್ಲ, ಅರಿವಳಿಕೆ, ಡ್ರಿಪ್ಪು, ಸೋಂಕಿನ ಭಯ ಎಲ್ಲ ಜೊತೆಗೇ ಬರುತ್ತವೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಸಂಖ್ಯೆ ಐದಕ್ಕೆ ಮುಟ್ಟಿತು. ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು, ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಈಗ ನಮ್ಮ ಐದು ತಾಲ್ಲೂಕಿನ ಬಸುರಿಗೆ 'ಯಾರನ್ನು ಆರಿಸ್ತೀಯವ್ವಾ?' ಅಂತ ಕೇಳಿ ನೋಡಿ. ಹಡಗಲಿಯಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಮೇಲೆ. ಹರಪನಹಳ್ಳಿಯವರು ದಾವಣಗೆರೆಗೆ ಓಡುತ್ತಾರೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಮೂರು ಸಲ ಬದಲಾಯಿತು, ನೋವು ತಿನ್ನುವವಳ ದಾರಿ ಗಿಡ್ಡ ಆಗಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಹಳ್ಳಿಗಳಲ್ಲೂ ಆರಿಸುವವರು ಯಾರು? ರಸ್ತೆ, ಆಂಬುಲೆನ್ಸು, ಆವತ್ತು ಡ್ಯೂಟಿಯಲ್ಲಿದ್ದವರು.

ನಿಜಕ್ಕೂ ಇಲ್ಲಿ ಕಾಣೆಯಾಗಿರುವವಳು ಮೂರನೆಯವಳು: ತರಬೇತಾದ ಮಿಡ್‌ವೈಫ್. ಅವಳು ನರ್ಸು, ಆದರೆ ಹೆರಿಗೆಯೇ ಅವಳ ವಿದ್ಯೆ. ಬಸುರಿಯನ್ನು ಓಡಾಡಿಸುತ್ತಾಳೆ, ಕುಕ್ಕರುಗಾಲಲ್ಲಿ ಕೂರಲು ಬಿಡುತ್ತಾಳೆ, ಕಾಯುತ್ತಾಳೆ. ಕಾಯುವುದು ಮುಗಿಯಿತು ಅನ್ನಿಸಿದಾಗ ಡಾಕ್ಟರನ್ನು ಕೂಗುತ್ತಾಳೆ. ಇಂಥವರಿಗೆ 18 ತಿಂಗಳ ತರಬೇತಿ ಕೊಡಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದೂ ನರಸಮ್ಮನವರಿಗೆ ಪದ್ಮಶ್ರೀ ಬಂದ 2018ರಲ್ಲೇ. ಪಕ್ಕದ ತೆಲಂಗಾಣ ಅದಕ್ಕೂ ಒಂದು ವರ್ಷ ಮೊದಲೇ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯವರ ಜೊತೆ ಸೇರಿ ಈ ಕೆಲಸ ಶುರು ಮಾಡಿತ್ತು.

ಹಾಗಾಗಿ 'ಡಾಕ್ಟರೋ ಸೂಲಗಿತ್ತಿಯೋ' ಅಂತ ಬಸುರಿಯನ್ನು ಕೇಳಬೇಡಿ. ಈ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಮಿಡ್‌ವೈಫ್ ಇರ್ತಾಳಾ, ಅರಿವಳಿಕೆ ಡಾಕ್ಟರು ಇರ್ತಾರಾ, ರಕ್ತ ಇರ್ತದಾ ಅಂತ ನಿಮ್ಮ ಎಮ್ಮೆಲ್ಲೆಯನ್ನು ಕೇಳಿ.